ಪೈನ್ ಮರಕ್ಕೆ ಬೆಳಕಿನ ದಾರಿ

ಗಿಡಕ್ಕೆ ನೀರು ಬೇಕೆಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ನೀರು ಕಾಣದ ಗಿಡ ಸಂಜೆಯೊಳಗೆ ತಲೆ ಬಾಗಿಸಿ ತನ್ನ ದೂರನ್ನು ತಾನೇ ಸಲ್ಲಿಸುತ್ತದೆ. ಬೆಳಕಿನ ಮಾತು ಹಾಗಲ್ಲ. ಬೆಳಕು ಸಾಲದ ಮರ ಕೂಡಲೇ ಬಾಡುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಹಸುರಾಗಿಯೇ ನಿಂತು ಒಳಗೊಳಗೇ ಒಂದೊಂದು ರೆಂಬೆಯನ್ನು ಕಳೆದುಕೊಳ್ಳುತ್ತ ಹೋಗುತ್ತದೆ. ನಾವು ಗಮನಿಸುವ ವೇಳೆಗೆ ಹೋದದ್ದನ್ನು ಮರಳಿ ಪಡೆಯುವ ಕಾಲ ಮೀರಿರುತ್ತದೆ. ಈ ಮೌನವಾದ ಹಸಿವನ್ನು ಅರಿತು, ಋತುವಿನಿಂದ ಋತುವಿಗೆ ಅದನ್ನು ತಣಿಸುವ ವಿದ್ಯೆಯನ್ನು ಒಂದು ಕೈಕಸುಬಾಗಿ ಬೆಳೆಸಿದವರಲ್ಲಿ ಜಪಾನಿನ ತೋಟಗಾರರು ಅಗ್ರಗಣ್ಯರು. ಅವರಿಗೆ ಈ ವಿಷಯದಲ್ಲಿ ಗುರುವಾದದ್ದು ಪೈನ್ ಮರ. ಒಂದು ವರ್ಷದ ಸುತ್ತಿನಲ್ಲಿ ಆ ಮರ ಬೆಳಕಿನೊಡನೆ ನಡೆಸುವ ವ್ಯವಹಾರವನ್ನೂ, ಆ ವ್ಯವಹಾರದಲ್ಲಿ ಮನುಷ್ಯನ ಕೈ ಮಾಡಬಹುದಾದ ಸಹಾಯವನ್ನೂ ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ನಮ್ಮ ನಾಡಿನಲ್ಲಿ ಋತುಗಳೆಂದರೆ ಮುಖ್ಯವಾಗಿ ಮಳೆಯ ಲೆಕ್ಕ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆಯ ನಕ್ಷತ್ರಗಳನ್ನು ಹಿಡಿದು ನಮ್ಮ ರೈತ ವರ್ಷವನ್ನು ಎಣಿಸುತ್ತಾನೆ. ಹಗಲಿನ ಅಳತೆ ನಮಗೆ ವರ್ಷವಿಡೀ ಹೆಚ್ಚು ಕಡಿಮೆ ಸಮನಾಗಿಯೇ ಇರುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಜಪಾನಿನ ಶಿಕೋಕು ದ್ವೀಪದಲ್ಲಿರುವ ತಕಮಾತ್ಸು ನಗರ ಭೂಮಧ್ಯರೇಖೆಯಿಂದ 34 ಡಿಗ್ರಿ ಉತ್ತರಕ್ಕಿದೆ. ಅಲ್ಲಿ ಜೂನ್ ತಿಂಗಳ ಹಗಲು 14 ಗಂಟೆಗಳನ್ನು ದಾಟುತ್ತದೆ. ಡಿಸೆಂಬರಿನ ಹಗಲು 10 ಗಂಟೆಗಳಿಗೂ ಸ್ವಲ್ಪ ಕಡಿಮೆ. ಜೂನ್ ತಿಂಗಳ ನಡುಹಗಲಿನ ಸೂರ್ಯ ದಿಗಂತದಿಂದ 79 ಡಿಗ್ರಿಗಳಷ್ಟು ಮೇಲೇರಿ ನೆತ್ತಿಯ ಸಮೀಪಕ್ಕೆ ಬರುತ್ತಾನೆ. ಡಿಸೆಂಬರಿನಲ್ಲಿ 32 ಡಿಗ್ರಿಯ ಆಸುಪಾಸಿಗೆ ಏರಿ ಅಲ್ಲಿಂದಲೇ ಇಳಿದುಬಿಡುತ್ತಾನೆ. ಅಂಥ ನಾಡಿನಲ್ಲಿ ಋತು ಬದಲಾಯಿತೆಂದರೆ ಬೆಳಕಿನ ಪ್ರಮಾಣ ಬದಲಾಯಿತು, ಅದು ಬರುವ ದಿಕ್ಕೂ ಬದಲಾಯಿತು ಎಂದೇ ಅರ್ಥ. ಪೈನ್ ಮರದ ಬಾಳು ಈ ಬದಲಾವಣೆಗೆ ಹೊಂದಿಕೊಂಡು ನಡೆಯುವ ಬಾಳು.

ಪೈನ್ ನಮ್ಮ ಬಯಲುಸೀಮೆಯ ಮರವಲ್ಲ; ಆದರೆ ಕಾವ್ಯಾಭ್ಯಾಸಿಗಳಿಗೆ ತೀರ ಅಪರಿಚಿತವೂ ಅಲ್ಲ. ‘ಕುಮಾರಸಂಭವ’ದ ಮೊದಲ ಸರ್ಗದಲ್ಲಿ ಕಾಳಿದಾಸ ಹಿಮಾಲಯವನ್ನು ವರ್ಣಿಸುತ್ತ, ಆನೆಗಳು ಕೆನ್ನೆಯ ತುರಿಕೆಗೆಂದು ಮೈಯುಜ್ಜಿದಾಗ ಹಾಲು ಸುರಿಸಿ ತಪ್ಪಲನ್ನೆಲ್ಲ ಪರಿಮಳಗೊಳಿಸುವ ‘ಸರಳ’ ವೃಕ್ಷವನ್ನು ಹೇಳುತ್ತಾನಷ್ಟೆ. ಆ ಸರಳವೇ ಹಿಮಾಲಯದ ಚೀಡ್ ಪೈನ್. ದೇವದಾರು ಅದರ ದಾಯಾದಿ, ಅದೇ ಮರವಲ್ಲ. ನಮ್ಮ ನಗರಗಳ ಉದ್ಯಾನಗಳಲ್ಲಿ ಅಂತಸ್ತು ಅಂತಸ್ತಾಗಿ ಗೋಪುರದಂತೆ ಬೆಳೆದು, ‘ಕ್ರಿಸ್‌ಮಸ್ ಮರ’ವೆಂದು ಕರೆಸಿಕೊಳ್ಳುವುದು ಬಹುಮಟ್ಟಿಗೆ ಅರಕೇರಿಯಾ ಎಂಬ ದಕ್ಷಿಣ ಗೋಳಾರ್ಧದ ಮರ, ಅದೂ ಪೈನ್ ಅಲ್ಲ. ಪೈನನ್ನು ಗುರುತಿಸುವ ಬಗೆ ಸುಲಭ. ಅದರ ಸೂಜಿಯಂಥ ಎಲೆಗಳು ಬಿಡಿಬಿಡಿಯಾಗಿ ಹುಟ್ಟದೆ, ಬುಡದಲ್ಲಿ ಒಂದೇ ಒರೆಯೊಳಗೆ ಸೇರಿಕೊಂಡು ಪುಟ್ಟ ಕಂತೆಗಳಾಗಿರುತ್ತವೆ. ಚೀಡ್ ಪೈನಿಗೆ ಕಂತೆಗೆ 3 ಸೂಜಿ. ಜಪಾನಿನ ಕಪ್ಪು ಪೈನಿಗೆ 2. ಅಲ್ಲಿಯದೇ ಬಿಳಿ ಪೈನಿಗೆ 5.

ಇವುಗಳಲ್ಲಿ ಜಪಾನಿನ ಕಪ್ಪು ಪೈನ್, ಅಲ್ಲಿಯವರ ಮಾತಿನಲ್ಲಿ ‘ಕುರೊಮಾತ್ಸು’, ನಮ್ಮ ಇಂದಿನ ಮಾತಿಗೆ ಮುಖ್ಯವಾದದ್ದು. 1775ರಲ್ಲಿ ಜಪಾನಿಗೆ ಹೋಗಿದ್ದ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಕಾರ್ಲ್ ಪೀಟರ್ ಥುನ್‌ಬರ್ಗನ ಹೆಸರು ಅದರ ಶಾಸ್ತ್ರೀಯ ನಾಮಧೇಯದಲ್ಲಿ ಉಳಿದುಕೊಂಡಿದೆ. ಕಡಲ ತೀರದ ಮರಳಿನಲ್ಲಿ, ಉಪ್ಪುಗಾಳಿಗೆ ಮೈಯೊಡ್ಡಿ ಬೆಳೆಯುವ ಗಟ್ಟಿ ಜೀವ ಅದು. ಮಣ್ಣು ಬಡವಾಗಿದ್ದರೆ ತಾಳಿಕೊಳ್ಳುತ್ತದೆ, ಗಾಳಿ ಕ್ರೂರವಾಗಿದ್ದರೆ ಬಾಗಿಕೊಳ್ಳುತ್ತದೆ. ನೆರಳನ್ನು ಮಾತ್ರ ಸಹಿಸುವುದಿಲ್ಲ. ಪೈನುಗಳಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳುಂಟು. ಬಹುಪಾಲು ಎಲ್ಲಕ್ಕೂ ಇದೇ ಸ್ವಭಾವ. ಕಾಡ್ಗಿಚ್ಚು ಹಾದುಹೋದ ನೆಲ, ಕುಸಿದುಬಿದ್ದ ಗುಡ್ಡದ ಮೈ, ಬರಿಯ ಮರಳು, ಇಂಥ ಕಡೆ ಮೊದಲು ಬಂದು ನೆಲಸುವ ಮರಗಳ ಪೈಕಿ ಪೈನ್ ಒಂದು. ತಾಯಿಮರದ ದಟ್ಟ ನೆರಳಿನಲ್ಲಿ ಮಾತ್ರ ಅದರ ಸಸಿಗಳು ಮೇಲೇಳಲಾರವು.

ಈ ಮರ ತನ್ನ ನೆರಳನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ. ತೋಟಗಾರನ ಕಷ್ಟ ಹುಟ್ಟುವುದು ಇಲ್ಲಿಂದ. ಪೈನಿನ ತುದಿ ಮೊಗ್ಗು ಬಲಿಷ್ಠವಾದದ್ದು. ಅದು ತಯಾರಿಸುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಮೊಗ್ಗುಗಳ ಬೆಳವಣಿಗೆಯನ್ನು ತಡೆಹಿಡಿಯುತ್ತದೆ. ಮೇಲಿನ ಚಿಗುರು ಹೆಚ್ಚು ಬೆಳಕನ್ನು ಪಡೆದು ಇನ್ನೂ ಬಲಿಯುತ್ತದೆ. ಬಲಿತಷ್ಟೂ ಕೆಳಗಿನವುಗಳ ಮೇಲೆ ನೆರಳು ಚೆಲ್ಲುತ್ತದೆ. ನೆರಳಿಗೆ ಸಿಕ್ಕಿದ ಎಲೆಯ ಸ್ಥಿತಿ ಆದಾಯಕ್ಕಿಂತ ವೆಚ್ಚ ಹೆಚ್ಚಾದ ಸಂಸಾರದಂತೆ. ಅದು ಬೆಳಕಿನಿಂದ ಗಳಿಸುವ ಸಕ್ಕರೆ ತನ್ನ ಉಸಿರಾಟದ ಖರ್ಚಿಗೇ ಸಾಲದಾಗುತ್ತದೆ. ಅಂಥ ಎಲೆಗಳು ಉದುರುತ್ತವೆ. ಎಲೆ ಹೋದ ರೆಂಬೆ ಒಣಗುತ್ತದೆ. ಕಾಡಿನಲ್ಲಿ ಇದು ಅನರ್ಥವೇನಲ್ಲ. ಕೆಳಗಿನ ಕೊಂಬೆಗಳನ್ನು ಕಳಚಿ, ನೇರವಾದ ಕಾಂಡದ ತುದಿಯಲ್ಲಿ ಹಸುರಿನ ಕೊಡೆ ಹಿಡಿದು ನಿಲ್ಲುವುದು ಅಲ್ಲಿ ಗೆದ್ದ ಮರದ ಲಕ್ಷಣ. ಆದರೆ ಉದ್ಯಾನದಲ್ಲಿ, ಕುಂಡದಲ್ಲಿ, ಮರದ ಚೆಲುವೆಲ್ಲ ಕೆಳಗಿನ ಕೊಂಬೆಗಳಲ್ಲೇ ಇರುತ್ತದೆ. ನೀರಿನ ಮೇಲೆ ಕೈಚಾಚಿದಂತೆ ಬಾಗಿದ ಆ ಕೊಂಬೆ ಒಣಗಿತೆಂದರೆ ಮರ ಬದುಕಿದ್ದರೂ ಅದರ ರೂಪ ಸತ್ತಿತು.

ಹೋದರೆ ಮತ್ತೆ ಚಿಗುರುವುದಿಲ್ಲವೆ ಎಂದು ನೀವು ಕೇಳಬಹುದು. ನಮ್ಮ ಹೊಂಗೆಯನ್ನೋ ಬೇವನ್ನೋ ಬುಡದವರೆಗೆ ಕಡಿದರೂ ಒಂದು ಮಳೆ ಬಿದ್ದರೆ ಮೋಟಿನಿಂದ ಹತ್ತು ಚಿಗುರು ಹೊರಡುತ್ತವೆ. ಪೈನಿಗೆ ಸಾಮಾನ್ಯವಾಗಿ ಆ ವರ ಇಲ್ಲ. ಅದರ ಹೊಸ ಮೊಗ್ಗು ಹುಟ್ಟಬೇಕಾದರೆ ಆ ಭಾಗದಲ್ಲಿ ಜೀವಂತ ಸೂಜಿಗಳಿರಬೇಕು. ಎಲೆ ಕಳೆದುಕೊಂಡು ಬೋಳಾದ ಹಳೆಯ ಕೊಂಬೆ ಮತ್ತೆ ಹಸುರಾಗುವುದು ಅಪರೂಪದಲ್ಲಿ ಅಪರೂಪ. ಆದ್ದರಿಂದ ಪೈನಿನ ವಿಷಯದಲ್ಲಿ ಬೆಳಕಿನ ಸೇವೆ ಮುಂದೂಡಬಹುದಾದ ಕೆಲಸವಾಗಲಾರದು. ಈ ವರ್ಷದ ನೆರಳಿನಲ್ಲಿ ಸತ್ತ ಮೊಗ್ಗನ್ನು ಮುಂದಿನ ವರ್ಷದ ಬಿಸಿಲು ಬದುಕಿಸದು.

ಇನ್ನು ವರ್ಷದ ಸುತ್ತನ್ನು ನೋಡೋಣ. ವಸಂತದಲ್ಲಿ, ಏಪ್ರಿಲ್ ತಿಂಗಳ ಹೊತ್ತಿಗೆ, ಕಪ್ಪು ಪೈನಿನ ತುದಿತುದಿಗಳಲ್ಲಿ ಹೊಸ ಚಿಗುರುಗಳು ನೆಟ್ಟಗೆ ಏಳುತ್ತವೆ. ಸೂಜಿಗಳಿನ್ನೂ ಬಿಚ್ಚಿಕೊಳ್ಳದ ಆ ನಸುಬಿಳಿಯ ಚಿಗುರುಗಳು ಮರದ ತುಂಬ ಮೇಣದ ಬತ್ತಿಗಳನ್ನು ನೆಟ್ಟಂತೆ ತೋರುತ್ತವೆ. ಒಂದೊಂದು ತುದಿಯಲ್ಲೂ ಮೂರು, ನಾಲ್ಕು, ಐದು ಬತ್ತಿಗಳು. ನಡುವಿನದು ಎಲ್ಲಕ್ಕಿಂತ ಉದ್ದ. ಎಲ್ಲವನ್ನೂ ಹಾಗೆಯೇ ಬಿಟ್ಟರೆ ಜೂನ್ ಹೊತ್ತಿಗೆ ಮರದ ಮೇಲ್ಭಾಗ ಒಂದು ಮುಚ್ಚಿದ ಚಾವಣಿಯಾಗುತ್ತದೆ. ಉದ್ಯಾನದ ತೋಟಗಾರ ಏಣಿ ಹಾಕಿ ಹತ್ತಿ, ಈ ಎಳೆಯ ಬತ್ತಿಗಳಲ್ಲಿ ಬಲವಾದವನ್ನು ಬೆರಳಿನಿಂದಲೇ ಮುರಿಯುತ್ತಾನೆ. ಕೆಲವನ್ನು ಅರ್ಧಕ್ಕೆ, ಕೆಲವನ್ನು ಬುಡಕ್ಕೆ. ಇದಕ್ಕೆ ‘ಮಿದೊರಿತ್ಸುಮಿ’, ಎಂದರೆ ಹಸುರು ಚಿವುಟುವುದು, ಎಂದು ಹೆಸರು. ಬಿಳಿ ಪೈನಿಗೆ ವರ್ಷಕ್ಕೆ ಒಂದೇ ಚಿಗುರು. ಅದರ ಮಟ್ಟಿಗೆ ಈ ವಸಂತದ ಚಿವುಟುವಿಕೆಯೇ ಮುಖ್ಯ.

ಕಪ್ಪು ಪೈನಿನ ಶಕ್ತಿ ಅದಕ್ಕಿಂತ ಹೆಚ್ಚಿನದು. ಅದು ಒಂದೇ ವರ್ಷದಲ್ಲಿ ಎರಡನೆಯ ಸಲವೂ ಚಿಗುರಬಲ್ಲುದು. ಕುಂಡದಲ್ಲಿ ಬೋನ್ಸಾಯ್ ಬೆಳೆಸುವವರು ಈ ಶಕ್ತಿಯನ್ನು ಬಳಸಿಕೊಳ್ಳುವುದು ಜೂನ್–ಜುಲೈ ತಿಂಗಳಲ್ಲಿ. ಆ ವರ್ಷದ ಹೊಸ ಚಿಗುರನ್ನು ಬುಡಕ್ಕೆ ಕತ್ತರಿಸಿಬಿಡುತ್ತಾರೆ. ಇದು ‘ಮೆಕಿರಿ’. ಕೆಲವೇ ವಾರಗಳಲ್ಲಿ ಕತ್ತರಿಸಿದ ಜಾಗದ ಸುತ್ತ ಹೊಸ ಮೊಗ್ಗುಗಳು ಹುಟ್ಟಿ, ಚಿಕ್ಕದಾದ, ಒತ್ತಾದ ಎರಡನೆಯ ಚಿಗುರನ್ನು ಕೊಡುತ್ತವೆ. ಅಲ್ಲಿಯೂ ಜೂನಿನಿಂದ ಜುಲೈ ನಡುಭಾಗದವರೆಗೆ ಮಳೆಗಾಲ. ಮೋಡ ಮುಸುಕಿದ ಮಂದ ಬೆಳಕು. ಮಳೆ ಕಳೆದು ಪ್ರಖರವಾದ ಬಿಸಿಲು ಬೀಳುವಾಗ ಈ ಎಳೆಯ ಸೂಜಿಗಳು ಅದನ್ನು ಉಣ್ಣಲು ಸಿದ್ಧವಾಗಿರುತ್ತವೆ. ಹೊಸ ಸೂಜಿಗಳು ಗಿಡ್ಡವಾದ್ದರಿಂದ ಒಂದರ ನೆರಳು ಇನ್ನೊಂದರ ಮೇಲೆ ಹೆಚ್ಚಾಗಿ ಬೀಳುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಉಂಟು. ಎಲ್ಲ ಚಿಗುರನ್ನೂ ಒಂದೇ ದಿನ ಕತ್ತರಿಸುವ ಪದ್ಧತಿ ಎಲ್ಲರದೂ ಅಲ್ಲ. ಕೆಳಗಿನ, ಒಳಗಿನ ದುರ್ಬಲ ರೆಂಬೆಗಳನ್ನು ಮೊದಲು ಕತ್ತರಿಸಿ, ಹತ್ತು ದಿನ ಕಳೆದ ಮೇಲೆ ನಡುವಿನವನ್ನು, ಕೊನೆಗೆ ನೆತ್ತಿಯ ಬಲಶಾಲಿಗಳನ್ನು ಕತ್ತರಿಸುವವರುಂಟು. ಮೊದಲು ಕತ್ತರಿಸಿದವಕ್ಕೆ ಬೆಳೆಯಲು ಹೆಚ್ಚು ದಿನಗಳ ಬೆಳಕು ದೊರೆಯುತ್ತದೆ; ಕಡೆಯವಕ್ಕೆ ಕಡಿಮೆ. ಹೀಗೆ ದಿನಗಳನ್ನು ಹಂಚಿಕೊಡುವ ಮೂಲಕ ಬೆಳಕನ್ನು ಹಂಚಿಕೊಟ್ಟಂತಾಗುತ್ತದೆ. ಮೇಲಿನದು ಕೆಳಗಿನದನ್ನು ತುಳಿಯುವ ಮರದ ಸಹಜ ನ್ಯಾಯವನ್ನು ಕತ್ತರಿ ಸ್ವಲ್ಪ ತಿದ್ದುತ್ತದೆ. ಆದರೆ ಈ ಚಿಕಿತ್ಸೆ ಆರೋಗ್ಯವಂತ ಮರಕ್ಕೆ ಮಾತ್ರ. ವಸಂತವಿಡೀ ತುಂಬು ಬಿಸಿಲು ಉಂಡು, ಗೊಬ್ಬರ ಪಡೆದು, ಶಕ್ತಿ ಕೂಡಿಟ್ಟ ಮರವಾದರೆ ಕತ್ತರಿಯ ಪೆಟ್ಟಿಗೆ ಎರಡನೆಯ ಚಿಗುರಿನಿಂದ ಉತ್ತರ ಕೊಡುತ್ತದೆ. ಬೆಳಕಿಲ್ಲದೆ ಸೊರಗಿದ ಮರಕ್ಕೆ ಕತ್ತರಿ ತೋರಿಸಿದರೆ ಅದರ ಉಳಿದ ಶಕ್ತಿಯನ್ನೂ ಕಿತ್ತುಕೊಂಡಂತೆ.

ಬೇಸಗೆಯಲ್ಲಿ ಕುಂಡದ ಮರಕ್ಕೆ ಇನ್ನೊಂದು ಸೇವೆ ಸಲ್ಲುತ್ತದೆ. ಎರಡು ವಾರಕ್ಕೊಮ್ಮೆ ಕುಂಡವನ್ನು ಸ್ವಲ್ಪ ತಿರುಗಿಸಿ ಇಡುತ್ತಾರೆ. ಇಲ್ಲವಾದರೆ ಬೆಳಕಿಗೆ ಬೆನ್ನು ಮಾಡಿದ ಪಾರ್ಶ್ವ ತೆಳುವಾಗುತ್ತ ಹೋಗುತ್ತದೆ. ಕಪ್ಪು ಪೈನ್ ದಿನವಿಡೀ ಬಿಸಿಲನ್ನು ಬಯಸುತ್ತದೆ. ಬೆಟ್ಟದ ತಂಪಿನಿಂದ ಬಂದ ಬಿಳಿ ಪೈನಿಗೆ ಬಿಸಿನಾಡುಗಳಲ್ಲಿ ಮಧ್ಯಾಹ್ನದ ಮೇಲೆ ತೆಳುವಾದ ನೆರಳು ಹಿತ.

ಶರತ್ಕಾಲ ಕಳೆಯುವ ವೇಳೆಗೆ ಬೆಳಕು ವಾಲತೊಡಗುತ್ತದೆ. ಸೂರ್ಯ ಇನ್ನು ಮೇಲಿನಿಂದ ಸುರಿಯುವುದಿಲ್ಲ, ಪಕ್ಕದಿಂದ ಇಣುಕುತ್ತಾನೆ. ಆಗ ನಡೆಯುವ ಕೆಲಸಕ್ಕೆ ‘ಮೊಮಿಅಗೆ’ ಎಂದು ಹೆಸರು. ಕಳೆದ ವರ್ಷದ ಹಳೆಯ ಸೂಜಿಗಳನ್ನು, ಈ ವರ್ಷದವುಗಳಲ್ಲಿ ಅತಿ ದಟ್ಟವಾದವನ್ನು, ಒಂದೊಂದೇ ಕಂತೆಯಾಗಿ ಬೆರಳಿನಿಂದ ಕಿತ್ತು ತೆಗೆಯುತ್ತಾರೆ. ಇಲ್ಲಿಯೂ ಅದೇ ಹಂಚಿಕೆಯ ನೀತಿ: ನೆತ್ತಿಯ ರೆಂಬೆಗಳಲ್ಲಿ ಕಡಿಮೆ ಸೂಜಿ ಉಳಿಸುವುದು, ಕೆಳಗಿನ ರೆಂಬೆಗಳಲ್ಲಿ ಹೆಚ್ಚು. ಕೆಲಸ ಮುಗಿದ ಮರವನ್ನು ನೋಡಿದರೆ ಆಕಾಶ ಅದರ ಮೂಲಕ ಕಾಣುತ್ತದೆ. ಚಳಿಗಾಲದ ವಾಲು ಬಿಸಿಲು ಒಳಗಿನ ಪುಟ್ಟ ಮೊಗ್ಗುಗಳವರೆಗೂ ಹೋಗಿ ತಲಪುತ್ತದೆ. ಮುಂದಿನ ಕೆಲವು ವರ್ಷಗಳಲ್ಲಿ ಕೊಂಬೆಯಾಗಬೇಕಾದವು ಆ ಮೊಗ್ಗುಗಳೇ.

ತಕಮಾತ್ಸುವಿನ ರಿತ್ಸುರಿನ್ ಉದ್ಯಾನದಲ್ಲಿ ಸುಮಾರು 1,400 ಪೈನ್ ಮರಗಳಿವೆ; ಅವುಗಳಲ್ಲಿ 1,000ದಷ್ಟು ತೋಟಗಾರರ ಕೈಯಿಂದ ಹೀಗೆ ತಿದ್ದಿಸಿಕೊಂಡವು. ಸಾವಿರ ಮರ, ಮರಕ್ಕೆ ನೂರಾರು ತುದಿ, ತುದಿಗೆ ಹತ್ತಾರು ಕಂತೆ. ಎಲ್ಲವೂ ಕೈಬೆರಳಿನ ಕೆಲಸ. ಯಂತ್ರದ ಕತ್ತರಿ ಸೂಜಿಗಳ ಅರ್ಧವನ್ನು ಕತ್ತರಿಸಿ ತುದಿಗಳನ್ನು ಕೆಂಪಾಗಿಸೀತು. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬ ವಿವೇಕ ಅದಕ್ಕಿಲ್ಲ.

ಚಳಿಗಾಲ ಬಂದಾಗ ಬೆಳಕಿನ ಪ್ರಶ್ನೆ ತಲೆಕೆಳಗಾಗುತ್ತದೆ. ಅಲ್ಲಿಯತನಕ ಬೆಳಕು ಸಾಲದೆಂಬ ಚಿಂತೆ; ಈಗ ಬೆಳಕೇ ಅಪಾಯವಾಗಬಹುದು. ಎಲೆಯ ಹಸುರು ಎಷ್ಟೇ ಚಳಿಯಲ್ಲೂ ಬೆಳಕನ್ನು ಹೀರುತ್ತಲೇ ಇರುತ್ತದೆ. ಆದರೆ ಆ ಶಕ್ತಿಯಿಂದ ಸಕ್ಕರೆ ಮಾಡುವ ರಾಸಾಯನಿಕ ಕ್ರಿಯೆಗಳು ಚಳಿಯಲ್ಲಿ ನಿಧಾನವಾಗುತ್ತವೆ, ಹೆಪ್ಪುಗಟ್ಟುವ ಚಳಿಯಲ್ಲಿ ನಿಂತೇಬಿಡುತ್ತವೆ. ಅಡುಗೆಯವರು ಮಲಗಿದ ಮನೆಗೆ ಗಾಡಿಗಟ್ಟಲೆ ಧಾನ್ಯ ಬಂದು ಬಿದ್ದಂತೆ. ಖರ್ಚಾಗದ ಶಕ್ತಿ ಎಲೆಯ ಒಳಾಂಗಗಳನ್ನೇ ಸುಡಬಲ್ಲುದು. ಉತ್ತರ ಯುರೋಪಿನ ಹಿಮದ ಕಾಡುಗಳಲ್ಲಿ ಬೆಳೆಯುವ ಸ್ಕಾಟ್ಸ್ ಪೈನನ್ನು ಪರೀಕ್ಷಿಸಿದ ವಿಜ್ಞಾನಿಗಳು ಮರದ ಪರಿಹಾರೋಪಾಯವನ್ನು ಕಂಡುಕೊಂಡಿದ್ದಾರೆ. ಚಳಿ ಬಲಿತಂತೆ ಸೂಜಿಗಳಲ್ಲಿ ಜಿಯಾಕ್ಸಾಂಥಿನ್ ಎಂಬ ಹಳದಿ ವರ್ಣದ್ರವ್ಯ ಹೆಚ್ಚುತ್ತದೆ. ಅದರ ನೆರವಿನಿಂದ ಹೆಚ್ಚುವರಿ ಬೆಳಕು ಅಪಾಯವಿಲ್ಲದ ಶಾಖವಾಗಿ ಹೊರಹೋಗುತ್ತದೆ. ಚಳಿನಾಡಿನ ಪೈನುಗಳು ಹಿಮಂತದಲ್ಲಿ ತುಸು ಹಳದಿಯಾಗಿ ಕಾಣುವುದಕ್ಕೆ ಇಂಥ ಹೊಂದಾಣಿಕೆಯೇ ಕಾರಣ. ಅದನ್ನು ರೋಗವೆಂದು ತಿಳಿಯಬೇಕಾಗಿಲ್ಲ. ವಸಂತದ ಬಿಸುಪು ಮರಳಿದಾಗ ಮರ ಈ ಬೀಗವನ್ನು ತಾನೇ ತೆಗೆಯುತ್ತದೆ.

ಕುಂಡದ ಮರಕ್ಕೆ ಚಳಿಗಾಲದಲ್ಲಿ ಇನ್ನೊಂದು ಕಷ್ಟ. ನೆಲದಲ್ಲಿರುವ ಬೇರಿಗೆ ಭೂಮಿಯ ಹೊದಿಕೆ ಇದೆ. ಕುಂಡದ ಬೇರಿಗೆ ಇಲ್ಲ. ಬೇರಿನ ಮಣ್ಣು ಹೆಪ್ಪುಗಟ್ಟಿರುವಾಗ ಬಿಸಿಲೂ ಗಾಳಿಯೂ ಸೂಜಿಗಳ ನೀರನ್ನು ಎಳೆದುಕೊಂಡರೆ ಅದನ್ನು ತುಂಬಿಕೊಡುವವರಿಲ್ಲ. ಆದ್ದರಿಂದ ಕಡುಚಳಿಯ ಪ್ರದೇಶಗಳಲ್ಲಿ ಕುಂಡಗಳನ್ನು ಗಾಳಿಯ ಮರೆಯಲ್ಲಿ, ತಣ್ಣನೆಯ ಆಸರೆಯಲ್ಲಿ ಇಡುತ್ತಾರೆ. ತಣ್ಣನೆಯ ಎಂಬ ಮಾತನ್ನು ಗಮನಿಸಬೇಕು. ಚಳಿಯಲ್ಲಿ ನಿದ್ರಿಸುವ ಮರಕ್ಕೆ ಖರ್ಚು ಕಡಿಮೆ. ಆದ್ದರಿಂದ ಅದು ಕಡಿಮೆ ಬೆಳಕನ್ನೂ ಸಹಿಸುತ್ತದೆ. ಬೆಚ್ಚಗಿನ ಕೋಣೆಯ ಮಂದ ಬೆಳಕನ್ನು ಮಾತ್ರ ಸಹಿಸದು. ಅಲ್ಲಿ ಉಸಿರಾಟದ ವೆಚ್ಚ ಪೂರ್ತಿ, ಗಳಿಕೆ ಶೂನ್ಯ.

ಪ್ರೀತಿಯಿಂದ ಪೈನ್ ಕೊಂಡುತಂದು ಮೇಜಿನ ಮೇಲಿಟ್ಟವರು ನಿರಾಶರಾಗುವುದು ಇದರಿಂದಲೇ. ನಮ್ಮ ಕಣ್ಣು ಬೆಳಕಿನ ವಿಷಯದಲ್ಲಿ ಒಳ್ಳೆಯ ಸಾಕ್ಷಿಯಲ್ಲ. ಬಯಲಿನ ನಡುಹಗಲ ಬಿಸಿಲು ಸುಮಾರು 1,00,000 ಲಕ್ಸ್. ಕಿಟಕಿಯಿಂದ ಎರಡು ಮೂರು ಮೀಟರ್ ಒಳಗೆ, ನಮಗೆ ಸಾಕಷ್ಟು ಬೆಳಕಿದೆಯೆನಿಸುವ ಕೋಣೆಯಲ್ಲಿ, ಅದು ಕೆಲವು ನೂರು ಲಕ್ಸಿಗೆ ಇಳಿದಿರುತ್ತದೆ. ಕಣ್ಣಿನ ಪಾಪೆ ಅಗಲವಾಗಿ ಈ ಕೊರತೆಯನ್ನು ನಮ್ಮಿಂದ ಮುಚ್ಚಿಡುತ್ತದೆ; ಎಲೆಗೆ ಅಂಥ ಪಾಪೆಯಿಲ್ಲ. ಜಪಾನಿನ ಮನೆಗಳಲ್ಲಿ ಅತಿಥಿಗಳ ಗೌರವಕ್ಕಾಗಿ ಬೋನ್ಸಾಯನ್ನು ಒಳಗಿನ ಅಲಂಕಾರದ ಗೂಡಿನಲ್ಲಿ ಇಡುವುದುಂಟು. ಅದು ಕೆಲವು ದಿನಗಳ ಮಾತು. ಆಮೇಲೆ ಅದು ಹೊರಗಿನ ತನ್ನ ಬಿಸಿಲಿಗೆ ಮರಳಲೇಬೇಕು. ಪೈನಿನ ಸೂಜಿಗಳು ಮರ ಸತ್ತ ಮೇಲೂ ಕೆಲವು ವಾರ ಹಸುರಾಗಿಯೇ ಇರುವುದರಿಂದ, ತಡವಾಗಿ ಕಂಡ ಕಂದುಬಣ್ಣವನ್ನು ನೀರಿನ ಕೊರತೆಯೆಂದು ತಿಳಿದು ಇನ್ನಷ್ಟು ನೀರೆರೆಯುವವರೂ ಇದ್ದಾರೆ.

ಬೆಳಕನ್ನು ಮರಕ್ಕೆ ಋತು ಋತುವಿಗೂ ಹಂಚಿಕೊಡುತ್ತ ಹೋದರೆ ಏನಾಗಬಹುದೆಂಬುದಕ್ಕೆ ಎರಡು ಮರಗಳ ಕಥೆ ಸಾಕು. ರಿತ್ಸುರಿನ್ ಉದ್ಯಾನದಲ್ಲೇ ಒಂದು ಬಿಳಿ ಪೈನ್ ಇದೆ. 1833ರಲ್ಲಿ ತೊಕುಗಾವಾ ವಂಶದ 11ನೆಯ ಶೋಗುನ್ ಇಯೆನಾರಿ, ಅಲ್ಲಿಯ ಪ್ರಭುವಿಗೆ ಕಾಣಿಕೆಯಾಗಿ ಕೊಟ್ಟ ಬೋನ್ಸಾಯ್ ಅದು. ಕುಂಡದಿಂದ ತೆಗೆದು ನೆಲದಲ್ಲಿ ನೆಟ್ಟ ಆ ಪುಟ್ಟ ಮರ ಈಗ ಸುಮಾರು 8 ಮೀಟರ್ ಎತ್ತರ ಬೆಳೆದು ನಿಂತಿದೆ. ಕುಂಡದ ಮರಕ್ಕೂ ಕಾಡಿನ ಮರಕ್ಕೂ ಜಾತಿಭೇದವಿಲ್ಲ. ಇಬ್ಬರ ಹಸಿವೂ ಒಂದೇ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಎರಡನೆಯದೂ ಬಿಳಿ ಪೈನೇ. 1625ರಿಂದ ಕುಂಡದಲ್ಲಿ ಪಳಗಿಸಿಕೊಂಡು ಬಂದ ಮರ. ಹಿರೋಶಿಮಾ ನಗರದ ಯಮಾಕಿ ಮನೆತನದ ತೋಟದಲ್ಲಿತ್ತು. 1945ರ ಆಗಸ್ಟ್ 6ರಂದು ಅಣುಬಾಂಬು ಸಿಡಿದಾಗ ಅದು ಸ್ಫೋಟದ ಕೇಂದ್ರದಿಂದ ಸುಮಾರು 3 ಕಿಲೋಮೀಟರ್ ದೂರದಲ್ಲಿತ್ತು. ನಡುವೆ ಒಂದು ಎತ್ತರದ ಗೋಡೆಯಿತ್ತು. ಬೆಳಕನ್ನೇ ಬೇಡುವ ಮರವನ್ನು ಆ ಒಂದು ಬೆಳಗ್ಗೆ ಕಾಪಾಡಿದ್ದು ಗೋಡೆಯ ಮರೆ. 1976ರಲ್ಲಿ ಅಮೆರಿಕ ತನ್ನ ಸ್ವಾತಂತ್ರ್ಯದ ಇನ್ನೂರನೆಯ ವರ್ಷವನ್ನು ಆಚರಿಸಿದಾಗ ಜಪಾನ್ 53 ಬೋನ್ಸಾಯ್‌ಗಳನ್ನು ಕಾಣಿಕೆಯಾಗಿ ಕಳುಹಿಸಿತು. ಮಸಾರು ಯಮಾಕಿ ತಮ್ಮ ಮನೆತನದ ಈ ಮರವನ್ನು ಅವುಗಳ ಜೊತೆಗೆ ಕೊಟ್ಟರು. ವಾಷಿಂಗ್ಟನ್ನಿನ ಬೋನ್ಸಾಯ್ ಸಂಗ್ರಹಾಲಯದಲ್ಲಿ ಅದನ್ನು ಇರಿಸಲಾಯಿತು. 2001ರಲ್ಲಿ ಅವರ ಮೊಮ್ಮಕ್ಕಳು ಮರವನ್ನು ನೋಡಲು ಬಂದು ಹೇಳುವವರೆಗೆ, ಅದು ಹಿರೋಶಿಮಾದ ಆ ದಿನವನ್ನು ಹಾದುಬಂದ ಮರವೆಂಬುದು ಅಲ್ಲಿ ನೋಡಿಕೊಳ್ಳುತ್ತಿದ್ದವರಿಗೆ ತಿಳಿದಿರಲಿಲ್ಲ. ತಿಳಿಯದೆಯೂ ಅವರು ವರ್ಷ ವರ್ಷವೂ ಅದರ ಚಿಗುರು ಚಿವುಟಿದ್ದರು, ಸೂಜಿ ಬಿಡಿಸಿದ್ದರು, ಕುಂಡ ತಿರುಗಿಸಿದ್ದರು.

ನಾಲ್ಕು ಶತಮಾನ ಬಾಳಿದ ಆ ಮರದ ಕೆಳಗಿನ ಕೊಂಬೆಗಳು ಇಂದಿಗೂ ಹಸುರಾಗಿರುವುದರ ಅರ್ಥವೇನೆಂದು ಯೋಚಿಸಬೇಕು. ಸತತವಾಗಿ ಕೆಲವೇ ವರ್ಷ ಉಪೇಕ್ಷೆಗೊಂಡಿದ್ದರೂ ಅವು ನೆರಳಿಗೆ ಸಿಕ್ಕಿ ಒಣಗಿ ಹೋಗುತ್ತಿದ್ದವು, ಮತ್ತೆ ಚಿಗುರುತ್ತಿರಲಿಲ್ಲ. ತಾವು ಬೆಳೆಸಿದ ಮರದ ಪೂರ್ಣರೂಪವನ್ನು ನೋಡಲು ಉಳಿಯದ ಎಷ್ಟೋ ಕೈಗಳು, ಯುದ್ಧದ ವರ್ಷಗಳಲ್ಲೂ, ಬರಗಾಲಗಳಲ್ಲೂ, ಅದರೊಳಗೆ ಬೆಳಕಿಗೆ ದಾರಿ ಬಿಡಿಸಿಕೊಟ್ಟಿರಬೇಕು. ಜಪಾನೀ ಭಾಷೆಯಲ್ಲಿ ‘ಮಾತ್ಸು’ ಎಂದರೆ ಪೈನ್ ಮರ. ಅದೇ ಉಚ್ಚಾರದ ಇನ್ನೊಂದು ಮಾತಿಗೆ ಕಾಯುವುದು ಎಂಬ ಅರ್ಥವುಂಟು. ಅಲ್ಲಿಯ ಪ್ರಾಚೀನ ಕವಿಗಳು ಈ ಶ್ಲೇಷೆಯನ್ನು ಮತ್ತೆ ಮತ್ತೆ ಬಳಸಿದ್ದಾರೆ. ತೋಟಗಾರನಿಗೂ ಅದು ಒಪ್ಪುವ ಮಾತು. ಸೂರ್ಯನನ್ನು ತರುವುದು ಅವನ ಕೈಯಲ್ಲಿಲ್ಲ. ಅಡ್ಡ ಬಂದದ್ದನ್ನು ಬೆರಳಿನಿಂದ ತೆಗೆದು, ಒಳಗಿನ ಪುಟ್ಟ ಮೊಗ್ಗು ಕಣ್ಣು ತೆರೆಯುವವರೆಗೆ ಕಾಯುವುದು ಅವನ ಕೆಲಸ. ಶರತ್ಕಾಲ ಬಂದಾಗ ಏಣಿಯನ್ನು ಮತ್ತೆ ಅದೇ ಮರಕ್ಕೆ ಒರಗಿಸುತ್ತಾನೆ.